ಹಳೆಯ ಬೀಜ ಎಸೆಯುವ ಮುನ್ನ ಮೊಳಕೆ ನೋಡಿ

ಮಾನ್ಯ ಸಂಪಾದಕರಿಗೆ,

ಮುಂಗಾರಿನ ಕೈತೋಟದ ಸಿದ್ಧತೆ ಕುರಿತು ತಮ್ಮ ಕೃಷಿ ಪುರವಣಿಯಲ್ಲಿ ಬಂದ ಲೇಖನ ಬಹುಮಟ್ಟಿಗೆ ಉಪಯುಕ್ತವಾಗಿತ್ತು. ಆದರೆ ಅದರಲ್ಲಿನ ಎರಡು ಸಲಹೆಗಳನ್ನು, ಅಂದರೆ ಪಾಕೀಟಿನ ಮೇಲಿನ ಅವಧಿ ಮುಗಿದಿದ್ದರೆ ಬೀಜ ಎಸೆಯಬೇಕು ಎಂಬುದನ್ನೂ ಮನೆಯಲ್ಲಿ ಕಟ್ಟಿಟ್ಟ ಬೀಜವನ್ನು ನೀರಿಗೆ ಹಾಕಿ ತೇಲಿದ್ದನ್ನು ಚೆಲ್ಲಬೇಕು ಎಂಬುದನ್ನೂ ಹಾಗೆಯೇ ಒಪ್ಪಿಕೊಳ್ಳುವುದು ಕಷ್ಟ.

ಪ್ರಮಾಣಿತ ಬೀಜಕ್ಕೆ ಪ್ರಯೋಗಾಲಯದ ಪರೀಕ್ಷೆ ನಡೆದ ದಿನದಿಂದ 9 ತಿಂಗಳ ಅವಧಿ ಕೊಡುತ್ತಾರೆ. ಅದು ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ, ಮೊಳಕೆ ಪ್ರಮಾಣ ನಿಗದಿತ ಮಟ್ಟಕ್ಕಿಂತ ಇಳಿದಿಲ್ಲವೆಂದು ಕಂಡುಬಂದರೆ 6 ತಿಂಗಳು ಮುಂದುವರಿಸಲು ನಿಯಮದಲ್ಲೇ ಅವಕಾಶವಿದೆ. ಆ ಮಟ್ಟ ಈರುಳ್ಳಿಗೆ ಶೇ 70, ಬೆಂಡೆಗೆ ಶೇ 65, ಮೆಣಸಿನಕಾಯಿಗೆ ಶೇ 60. ಆದ್ದರಿಂದ ಆ ತಾರೀಖು ಮಾರುವವರ ಹೊಣೆ ಎಲ್ಲಿಯವರೆಗೆ ಎಂಬುದನ್ನಷ್ಟೇ ಹೇಳುತ್ತದೆ. ಬದನೆ, ಟೊಮೆಟೊ, ಸೌತೆ, ಕುಂಬಳದ ಬೀಜಗಳು ಚೆನ್ನಾಗಿ ಒಣಗಿ ತಂಪು ಜಾಗದಲ್ಲಿದ್ದರೆ ಮೂರು ನಾಲ್ಕು ವರ್ಷದ ಮೇಲೂ ಮೊಳೆಯುತ್ತವೆ. ನಮ್ಮ ಉಳ್ಳಾಗಡ್ಡಿಯ ಸ್ವಭಾವವೇ ಬೇರೆ. ಪಾಕೀಟಿನ ಅವಧಿ ಬಾಕಿಯಿದ್ದರೂ ಒಂದು ಬೇಸಿಗೆ ದಾಟಿದ ಅದರ ಬೀಜವನ್ನು ಪರೀಕ್ಷಿಸದೆ ಮಡಿಗೆ ಹಾಕುವಂತಿಲ್ಲ.

ಒಂದೇ ಪಾಕೀಟು ನಮ್ಮ ಮೂರು ಜಿಲ್ಲೆಗಳಲ್ಲಿ ಬೇರೆ ಬೇರೆ ಬಗೆಯಾಗಿ ಮುಪ್ಪಾಗುತ್ತದೆ. ಬೀಜದೊಳಗಿನ ತೇವಾಂಶ ಶೇ 1ರಷ್ಟು ತಗ್ಗಿದರೆ ಅದರ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ತಗ್ಗಿದರೂ ಇಮ್ಮಡಿಯಾಗುತ್ತದೆ ಎಂಬುದು ಬೀಜತಜ್ಞ ಹ್ಯಾರಿಂಗ್ಟನ್ ಹೇಳಿದ ಸ್ಥೂಲ ಲೆಕ್ಕ. ವಿಜಯಪುರ, ಬಾಗಲಕೋಟೆಗಳ ಒಣಗಾಳಿ ಬೀಜಕ್ಕೆ ಒಳ್ಳೆಯದೇ ಆದರೂ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ತಗಡಿನ ಮನೆ ಕಾದ ಹಂಚಿನಂತಾಗುತ್ತದೆ. ಬೆಳಗಾವಿ, ಖಾನಾಪುರದ ಕಡೆ ಬಿಸಿಲು ಅಷ್ಟಿಲ್ಲ, ಆದರೆ ಮಳೆಗಾಲದುದ್ದಕ್ಕೂ ಆರದ ತೇವವನ್ನು ಬೀಜ ಹೀರಿಕೊಳ್ಳುತ್ತದೆ. ಹಿರಿಯರು ಬೀಜಕ್ಕೆ ಒಲೆಯ ಬೂದಿ ಕಲಸಿ ಗಡಿಗೆಯ ಬಾಯಿ ಕಟ್ಟಿಡುತ್ತಿದ್ದುದು ತೇವ ತಾಗದಿರಲಿ, ಹುಳು ಹತ್ತದಿರಲಿ ಎಂದು.

ಇನ್ನು ನೀರಿನಲ್ಲಿ ತೇಲಿಸುವ ವಿಚಾರ. ಭತ್ತದ ಬಿತ್ತನೆಗೆ ಮುನ್ನ ಉಪ್ಪುನೀರಿನಲ್ಲಿ ಜೊಳ್ಳು ಬೇರ್ಪಡಿಸುವುದು ಸರಿಯಾದ ಕ್ರಮ, ಏಕೆಂದರೆ ಅಲ್ಲಿ ನೋಡುವುದು ಕಾಳು ತುಂಬಿದೆಯೇ ಎಂಬುದನ್ನು. ವಯಸ್ಸಾಗಿ ಸತ್ತ ಬೀಜ ಹಗುರಾಗಿಯೇ ತೀರಬೇಕೆಂದಿಲ್ಲ, ಅದು ತಳಕ್ಕೇ ಕೂರಬಹುದು; ಸಿಪ್ಪೆಯೊಳಗೆ ಗಾಳಿಯಿರುವ ಸೋರೆ, ಹಾಗಲದ ಹೊಸ ಬೀಜವೂ ತೇಲಬಹುದು.

ನಂಬತಕ್ಕ ಪರೀಕ್ಷೆ ಒಂದೇ, ಮೊಳಕೆ ಬರಿಸಿ ನೋಡುವುದು. ಹಳೆಯ ಧೋತರದ ತುಂಡನ್ನು ನೀರಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಂತೆ ಹಿಂಡಿ, ಅದರ ಮೇಲೆ ಒಂದಕ್ಕೊಂದು ತಾಗದಂತೆ 25 ಬೀಜ ಹರಡಿ, ಸುರುಳಿ ಸುತ್ತಿ, ಬೀಜದ ಹೆಸರು ಮತ್ತು ದಿನಾಂಕದ ಚೀಟಿ ಕಟ್ಟಿ, ಬಾಯಿ ಬಿಗಿಯದ ಪ್ಲಾಸ್ಟಿಕ್ ಚೀಲದಲ್ಲಿ ಮನೆಯ ನೆರಳಿನಲ್ಲಿಡಬೇಕು. ಮೊಳೆತ ಬೀಜಗಳ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿದರೆ ಶೇಕಡಾ ಲೆಕ್ಕ ಸಿಗುತ್ತದೆ. ಹತ್ತೇ ಬೀಜ ಇಟ್ಟರೆ ಒಂದು ಹೆಚ್ಚುಕಡಿಮೆಯಾದರೂ ಶೇ 10ರ ವ್ಯತ್ಯಾಸ ಬರುತ್ತದೆ. ಅವಸರವೂ ಸಲ್ಲದು: ಅಲಸಂದಿ, ಸೌತೆಗೆ 8 ದಿನ ಸಾಕು, ಈರುಳ್ಳಿಗೆ 12, ಬದನೆ, ಟೊಮೆಟೊ, ಮೆಣಸಿನಕಾಯಿಗೆ 14, ಬೆಂಡೆ ಮತ್ತು ಕೊತ್ತಂಬರಿಗೆ 21 ದಿನ ಕಾಯಬೇಕು.

ಎಣಿಸುವಾಗ ಹೆಚ್ಚಿನವರು ಎಡವುತ್ತಾರೆ. ಹಳೆಯ ಬೀಜದಲ್ಲಿ ಬೇರು ಚೂರು ಇಣುಕಿ ಅಲ್ಲೇ ನಿಲ್ಲುವುದು, ತುದಿ ಕಂದಾಗುವುದು ಸಾಮಾನ್ಯ. ಅಂಥದ್ದು ಸಸಿಯಾಗುವುದಿಲ್ಲವಾದ್ದರಿಂದ ಬೇರು, ಚಿಗುರು ಎರಡೂ ಸರಿಯಾಗಿ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಮೊಳೆಯದೆ ಗಟ್ಟಿಯಾಗಿಯೇ ಉಳಿದ ಬೆಂಡೆ ಬೀಜ ಸತ್ತಿದೆಯೆಂದು ಎಸೆಯಬಾರದು, ಅದರ ಸಿಪ್ಪೆಗೆ ಇನ್ನೂ ನೀರು ಇಳಿದಿರಲಿಕ್ಕಿಲ್ಲ. ಬೆರಳಿನಿಂದ ಒತ್ತಿದಾಗ ಮೆತ್ತಗಾಗಿ ಬೂಸ್ಟು ಹಿಡಿದದ್ದೇ ನಿಜವಾಗಿ ಸತ್ತದ್ದು. ಬೆಂಡೆಯನ್ನು ಒಂದು ರಾತ್ರಿ ನೆನೆಸುವುದರಿಂದ, ಹಾಗಲ ಬೀಜದ ತುದಿಯ ಸಿಪ್ಪೆಯನ್ನು ನೇಲ್ ಕಟ್ಟರಿನಿಂದ ತುಸುವೇ ಕತ್ತರಿಸುವುದರಿಂದ, ಕೊತ್ತಂಬರಿಯನ್ನು ಹಲಗೆಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡುವುದರಿಂದ ಮೊಳಕೆ ಬೇಗ ಬರುತ್ತದೆ. ಆದರೆ ಹಳೆಯ ಅವರೆ, ಅಲಸಂದಿಗಳನ್ನು ನೀರಿನಲ್ಲಿ ಮುಳುಗಿಸಿಡುವುದು ಕೇಡು. ವಯಸ್ಸಾದ ಕಾಳು ಒಮ್ಮೆಲೇ ನೀರು ಕುಡಿದರೆ ಒಳಗಿನ ಜೀವಕೋಶಗಳ ಪೊರೆ ಹರಿಯುತ್ತದೆ. ಅದಕ್ಕೆ ಒದ್ದೆ ಬಟ್ಟೆಯ ನಿಧಾನದ ತೇವವೇ ಹಿತ.

ಬಟ್ಟೆಯಲ್ಲಿ ಅರ್ಧದಷ್ಟು ಮೊಳೆತ ಬೀಜವನ್ನು ಎರಡು ಪಟ್ಟು ಬಿತ್ತಿದರೂ ಸಾಲದು, ಏಕೆಂದರೆ ಮಳೆ ಬಿದ್ದು ಒಣಗಿ ಹೆಪ್ಪುಗಟ್ಟಿದ ಎರೆಮಣ್ಣನ್ನು ಸೀಳಿ ಮೇಲೇಳುವ ಕಸುವು ಹಳೆಯ ಬೀಜಕ್ಕೆ ಕಡಿಮೆ. ಪೇಟೆಯ ಹೈಬ್ರಿಡ್ ಬೀಜ ಈ ಸ್ಥಿತಿಗೆ ಬಂದಿದ್ದರೆ ಹೊಸದನ್ನು ಕೊಳ್ಳುವುದೇ ಲೇಸು. ಮನೆತನದಲ್ಲಿ ಉಳಿದುಬಂದ ಹೀರೆಯೋ ಬದನೆಯೋ ಆಗಿದ್ದರೆ ಶೇ 10ರಷ್ಟೇ ಮೊಳೆತರೂ ಆ ಮೊಳಕೆಗಳನ್ನು ಕುಂಡದಲ್ಲಿ ಬೆಳೆಸಿ, ಮೊದಲ ಕಾಯಿಗಳನ್ನು ಪಲ್ಯಕ್ಕೆ ಕೀಳದೆ ಬೀಜಕ್ಕೇ ಬಿಡಬೇಕು.

ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಇಲ್ಲವೇ ಅರಭಾವಿಯ ತೋಟಗಾರಿಕೆ ಕಾಲೇಜಿನ ತಜ್ಞರಿಂದ ಬೆಳೆವಾರು ಮೊಳಕೆ ಪರೀಕ್ಷೆಯ ಪಟ್ಟಿಯೊಂದನ್ನು ಬರೆಸಿ ಪ್ರಕಟಿಸಬೇಕೆಂದು ಕೋರುತ್ತೇನೆ. ಬೆಂಡೆ, ಕೊತ್ತಂಬರಿಗಳಿಗೆ ಮೂರು ವಾರ ಬೇಕಾಗುವುದರಿಂದ, ಜೂನ್ ಆರಂಭದ ಮಿರಗ (ಮೃಗಶಿರಾ) ಮಳೆಗೆ ಬಿತ್ತುವವರಿಗೆ ಅದು ಮೇ ಮೊದಲ ವಾರದ ಪುರವಣಿಯಲ್ಲೇ ಸಿಗುವಂತಾಗಲಿ.

ತಮ್ಮ ಓದುಗ,
ನವನಗರ, ಬಾಗಲಕೋಟೆ