ಪತ್ತೇದಾರಿ ಗೇಮ್‌ಗಳಲ್ಲಿ ಯೋಚಿಸುವ ಕೆಲಸ ಆಟಗಾರರಿಗೇ ಇರಲಿ

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್‌ಗಳ ಕುರಿತು ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಮಕ್ಕಳ ಚಟ, ಕಣ್ಣಿನ ಆರೋಗ್ಯ ಮತ್ತು ಆನ್‌ಲೈನ್ ಜೂಜಿನಲ್ಲಿ ಕೈಬಿಟ್ಟು ಹೋದ ಹಣದ ಸುತ್ತಲೇ ಇರುತ್ತವೆ. ಆ ಆತಂಕ ಸಕಾರಣವಾದದ್ದೇ. ಆದರೆ ಓದುವ ಹವ್ಯಾಸವುಳ್ಳವರಿಗೆ ತೀರ ಹತ್ತಿರವಾದ ಒಂದು ಪ್ರಕಾರ ಈ ನಡುವೆ ಯಾರ ಗಮನಕ್ಕೂ ಬಾರದೆ ಉಳಿದಿದೆ. ಪರದೆಯ ಮೇಲಿನ ವಸ್ತುಗಳನ್ನು ಮೌಸ್‌ನಿಂದ ಒಂದೊಂದಾಗಿ ಒತ್ತಿ ಪರೀಕ್ಷಿಸುತ್ತ, ಎದುರಾದವರನ್ನು ಮಾತನಾಡಿಸುತ್ತ ಅಪರಾಧವನ್ನು ಭೇದಿಸುವ ಪತ್ತೇದಾರಿ ಸಾಹಸ ಗೇಮ್‌ಗಳ ವಿಷಯವನ್ನು ಹೇಳುತ್ತಿದ್ದೇನೆ. ಬಹಳ ವರ್ಷಗಳಿಂದ ಇವುಗಳನ್ನು ಆಡುತ್ತ ಬಂದಿರುವ ನನಗೆ ಇವುಗಳ ಮೇಲೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟೂ ಇದೆ; ಎರಡಕ್ಕೂ ಕಾರಣ ತಿಳಿಸಲು ಅವಕಾಶ ಕೋರುತ್ತೇನೆ.

ಈ ಪ್ರಕಾರದ ದೊಡ್ಡ ಗುಣವೆಂದರೆ ಅದು ಯಾರನ್ನೂ ಅವಸರಪಡಿಸುವುದಿಲ್ಲ. ಬೆರಳಿನ ಚುರುಕು ಬೇಕಿಲ್ಲ. ಕಂಪ್ಯೂಟರಿನ ಮುಂದೆ ಇಬ್ಬರು ಮೂವರು ಕುಳಿತು, ಪದಬಂಧ ತುಂಬಿಸುವವರಂತೆ ಚರ್ಚಿಸುತ್ತ ಆಡಬಹುದು. 1996ರಲ್ಲಿ ಇಂಗ್ಲೆಂಡಿನ ರೆವಲ್ಯೂಷನ್ ಸಾಫ್ಟ್‌ವೇರ್ ಸಂಸ್ಥೆ ರೂಪಿಸಿದ ‘ಬ್ರೋಕನ್ ಸ್ವೋರ್ಡ್’ ಪ್ಯಾರಿಸ್ಸಿನ ಕೆಫೆಯೊಂದರಲ್ಲಿ ವಿದೂಷಕನ ವೇಷದವನೊಬ್ಬ ಇಟ್ಟ ಬಾಂಬು ಸಿಡಿಯುವುದರೊಂದಿಗೆ ತೊಡಗುತ್ತದೆ. ಅವನು ತಪ್ಪಿಸಿಕೊಂಡ ಚರಂಡಿಗೆ ಇಳಿದಾಗ ಸಿಗುವ ಕೆಂಪು ಮೂಗು ವೇಷಭೂಷಣದ ಅಂಗಡಿಯತ್ತ ದಾರಿ ತೋರಿಸುತ್ತದೆ. ಆ ನಂಟನ್ನು ಕಂಡುಕೊಂಡವನು ನಾನೇ ಎಂಬ ಹಿಗ್ಗು ಎಷ್ಟು ಒಳ್ಳೆಯ ಕಾದಂಬರಿಯಲ್ಲೂ ದೊರೆಯದು, ಏಕೆಂದರೆ ಅಲ್ಲಿ ನಾವು ಪತ್ತೇದಾರನ ಹಿಂದೆ ನಡೆಯುವವರು.

1997ರ ‘ದಿ ಲಾಸ್ಟ್ ಎಕ್ಸ್‌ಪ್ರೆಸ್’ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. 1914ರ ಜುಲೈ ಕೊನೆಯಲ್ಲಿ, ಮೊದಲ ಮಹಾಯುದ್ಧಕ್ಕೆ ಕೆಲವೇ ದಿನಗಳಿರುವಾಗ, ಪ್ಯಾರಿಸ್ಸಿನಿಂದ ಹೊರಟ ಓರಿಯೆಂಟ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಒಂದು ಕೊಲೆಯಾಗಿದೆ. ನಾವು ಎಲ್ಲಿದ್ದರೂ ಪ್ರಯಾಣಿಕರು ತಮ್ಮ ಪಾಡಿಗೆ ತಾವು ಊಟಕ್ಕೆ ಬರುತ್ತಾರೆ, ಜಗಳವಾಡುತ್ತಾರೆ, ಗುಟ್ಟು ಮಾತನಾಡುತ್ತಾರೆ. ಒಂದು ಮೇಜಿನ ಮಾತಿಗೆ ಕಿವಿಗೊಟ್ಟು ಕುಳಿತರೆ ಪಕ್ಕದ ಬೋಗಿಯಲ್ಲಿ ನಡೆದದ್ದು ತಪ್ಪಿಹೋಗುತ್ತದೆ, ಆಗ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಅದೇ ಹೊತ್ತನ್ನು ಬೇರೆ ಕಡೆ ಕಳೆಯಬೇಕು. ಮಾರುಕಟ್ಟೆಯಲ್ಲಿ ಸೋತ ಈ ಗೇಮ್ ನನ್ನ ಮಟ್ಟಿಗೆ ಈ ಪ್ರಕಾರದ ಅತ್ಯಂತ ಪ್ರೌಢ ಕೃತಿ.

ಇನ್ನು ಸಿಟ್ಟಿನ ಮಾತು. 1999ರ ‘ಗೇಬ್ರಿಯಲ್ ನೈಟ್ 3’ರಲ್ಲಿ ಫ್ರಾನ್ಸಿನ ಹಳ್ಳಿಯೊಂದಕ್ಕೆ ಬಂದ ನಾಯಕನಿಗೆ ಬಾಡಿಗೆ ಬೈಕು ಬೇಕಾಗಿದೆ. ಅದಕ್ಕಾಗಿ ಅವನು ಗೆಳೆಯ ಮೋಸ್ಲಿಯ ವೇಷ ಧರಿಸಬೇಕು. ಗುಜರಿ ಕೋಣೆಯ ಬಾಗಿಲಿನ ಕಿಂಡಿಗೆ ಅಂಟುಪಟ್ಟಿ ಹಚ್ಚಿ, ಬೆಕ್ಕಿನ ಮೇಲೆ ನೀರು ಚಿಮುಕಿಸಿ, ಅದು ಓಡಿಹೋಗುವಾಗ ಅಂಟಿಕೊಂಡ ಕೂದಲನ್ನು ಮೇಪಲ್ ಪಾಕದಿಂದ ತುಟಿಯ ಮೇಲೆ ಮೆತ್ತಿಕೊಂಡು ಮೀಸೆ ಮಾಡಿಕೊಳ್ಳಬೇಕು. ವಿಚಿತ್ರವೆಂದರೆ ಮೋಸ್ಲಿಗೆ ಮೀಸೆಯೇ ಇಲ್ಲ; ಹಾಗಾಗಿ ಅವನ ಪಾಸ್‌ಪೋರ್ಟ್ ಚಿತ್ರಕ್ಕೂ ಪೆನ್ನಿನಿಂದ ಮೀಸೆ ಬರೆಯಬೇಕು! ಇದನ್ನು ಯಾವ ತರ್ಕದಿಂದ ಊಹಿಸಲು ಸಾಧ್ಯ? ಇಲ್ಲಿ ನಾವು ಅಪರಾಧಿಯ ಮನಸ್ಸನ್ನು ಓದುತ್ತಿಲ್ಲ, ಗೇಮ್ ರಚಿಸಿದವರ ಮನಸ್ಸಿನಲ್ಲಿ ಏನಿತ್ತೆಂದು ತಡಕಾಡುತ್ತಿದ್ದೇವೆ. ನಾನು ಹೊಗಳಿದ ‘ಬ್ರೋಕನ್ ಸ್ವೋರ್ಡ್’ ಕೂಡ ಐರ್ಲೆಂಡಿನ ಪಾಳುಕೋಟೆಯಲ್ಲಿ ಒಂದು ಮೇಕೆಯನ್ನು ಎದುರಿಗಿಟ್ಟು, ಅಲ್ಲಿಯವರೆಗೆ ಎಂದೂ ಕೇಳದಿದ್ದ ಬೆರಳಿನ ಚುರುಕನ್ನು ಯಾವ ಸೂಚನೆಯೂ ಇಲ್ಲದೆ ಕೇಳುತ್ತದೆ. ಮೇಕೆ ಗುದ್ದಿ ಕೆಡವಿದ ಕ್ಷಣದಲ್ಲೇ ಓಡಬೇಕೆಂದು ಹೊಳೆಯದ ನಾನು ಅಲ್ಲಿ ಕಳೆದ ಸಂಜೆಗಳು ಒಂದೆರಡಲ್ಲ.

ಇವಕ್ಕಿಂತ ನನ್ನನ್ನು ಹೆಚ್ಚು ಕಾಡುವ ದೋಷ ಇನ್ನೊಂದಿದೆ. ಸಿಕ್ಕಸಿಕ್ಕ ವಸ್ತುಗಳನ್ನೆಲ್ಲ ಒತ್ತಿ, ಎಲ್ಲರೊಂದಿಗೂ ಎಲ್ಲ ಮಾತು ಮುಗಿಸಿದರೆ ಸಾಕು, ಪರದೆಯ ಮೇಲಿನ ಪತ್ತೇದಾರ ಕೊಲೆಗಾರ ಯಾರೆಂದು ತಾನಾಗಿಯೇ ಹೇಳಿಬಿಡುತ್ತಾನೆ. ನಾನು ಯೋಚಿಸಿದೆನೋ ಇಲ್ಲವೋ ಎಂಬುದು ಗೇಮ್‌ಗೆ ಬೇಕಿಲ್ಲ. ಇದಕ್ಕೆ ಪರಿಹಾರ ಹುಡುಕಿದವರೂ ಇದ್ದಾರೆ. 1999ರ ‘ಡಿಸ್ಕ್‌ವರ್ಲ್ಡ್ ನ್ವಾರ್’ ಜೇಬಿನ ವಸ್ತುಗಳ ಜೊತೆಗೆ ನೋಟ್‌ಬುಕ್ಕಿನ ಸುಳಿವುಗಳನ್ನೂ ಒಂದಕ್ಕೊಂದು ಜೋಡಿಸಲು ಬಿಟ್ಟಿತು. ಲಾಟ್ವಿಯಾದ ಕಲರ್ ಗ್ರೇ ಗೇಮ್ಸ್ 2022ರಲ್ಲಿ ತಂದ ‘ದಿ ಕೇಸ್ ಆಫ್ ದಿ ಗೋಲ್ಡನ್ ಐಡಲ್’ ಸಾವಿನ ಗಳಿಗೆಯನ್ನು ಸ್ತಬ್ಧಚಿತ್ರದಂತೆ ನಿಲ್ಲಿಸಿ ತೋರಿಸುತ್ತದೆ. ಜೇಬು, ಪತ್ರ, ಮುಖಗಳನ್ನು ಪರೀಕ್ಷಿಸಿದಂತೆ ಹೆಸರುಗಳೂ ಕ್ರಿಯಾಪದಗಳೂ ದೊರೆಯುತ್ತ ಹೋಗುತ್ತವೆ. ಅವುಗಳಿಂದ ಬಿಟ್ಟ ಸ್ಥಳಗಳನ್ನು ತುಂಬಿ, ಯಾರು ಯಾರನ್ನು ಏಕೆ ಕೊಂದರು ಎಂಬ ವಾಕ್ಯವನ್ನು ನಾವೇ ಪೂರ್ಣಗೊಳಿಸಬೇಕು. ತಪ್ಪುಗಳು ಎರಡಕ್ಕಿಂತ ಹೆಚ್ಚಿಲ್ಲದಾಗ ಗೇಮ್ ಅದನ್ನು ತಿಳಿಸುವುದರಿಂದ ಕೊನೆಯ ಪದಗಳನ್ನು ಅಂದಾಜಿನಲ್ಲಿ ಬದಲಿಸಿ ನೋಡುವ ಆಸೆ ಹುಟ್ಟುತ್ತದೆ; ಅದೊಂದು ಸಣ್ಣ ಕೊರತೆ. 2018ರ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಒಂದು ಹಡಗಿನ ಅರುವತ್ತು ಜನರಿಗೆ ಏನಾಯಿತೆಂಬ ನಮ್ಮ ಉತ್ತರಗಳನ್ನು ಮೂರು ಸರಿಯಾದಾಗ ಮಾತ್ರ, ಮೂರು ಮೂರಾಗಿ ದೃಢಪಡಿಸಿ ಈ ಅಂದಾಜಿಗೆ ಒಳ್ಳೆಯ ಕಡಿವಾಣ ಹಾಕಿತ್ತು.

ಇಂಥದ್ದೊಂದು ಗೇಮ್ ಕನ್ನಡದಲ್ಲಿ ಹೇಗಿರಬಹುದೆಂದು ನಾನು ಹಲವು ಬಾರಿ ಯೋಚಿಸಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನು ಅನುವಾದಿಸಿದರೆ ಸಾಲದು. ‘ಕೊಂದನು’ ಎಂದರೆ ಗಂಡಸು, ‘ಕೊಂದಳು’ ಎಂದರೆ ಹೆಂಗಸು ಎಂದು ಕ್ರಿಯಾಪದವೇ ಬಯಲು ಮಾಡಿಬಿಡುತ್ತದೆ. ಬಿಟ್ಟ ಸ್ಥಳದ ಮುಂದೆ ‘ಯನ್ನು’ ಎಂಬ ಪ್ರತ್ಯಯ ಉಳಿದರೆ ಅರ್ಧ ಹೆಸರುಗಳು ತಾವಾಗಿಯೇ ಕಳಚಿಹೋಗುತ್ತವೆ. ಆದರೆ ಅದೇ ವ್ಯಾಕರಣ ಒಳ್ಳೆಯ ಸುಳಿವೂ ಆಗಬಲ್ಲದು. ‘ನಿನ್ನೆ ರಾತ್ರಿ ಒಬ್ಬರು ಬಂದಿದ್ದರು’ ಎನ್ನುವ ಸಾಕ್ಷಿ ಗೌರವದ ಬಹುವಚನದ ಮರೆಯಲ್ಲಿ ಬಂದವರು ಗಂಡೋ ಹೆಣ್ಣೋ ಎಂಬುದನ್ನು ಮುಚ್ಚಿಡಬಹುದು. ಮುಂದೊಮ್ಮೆ ಬಾಯಿತಪ್ಪಿ ‘ಹೋದಳು’ ಎಂದಾಗ ಸಿಕ್ಕಿಬೀಳಬಹುದು. ಮೈಸೂರಿನವನೆಂದು ಹೇಳಿಕೊಂಡವನ ಮಾತಿನಲ್ಲಿ ಧಾರವಾಡದ ‘ಹೌದ್ರೀ’ ನುಸುಳಬಹುದು.

ಕನ್ನಡದ ಯುವ ಗೇಮ್ ತಯಾರಕರು ಇದನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಆಸೆ. ತಮ್ಮ ಪತ್ರಿಕೆಯೂ ಪುಸ್ತಕ, ಚಲನಚಿತ್ರಗಳ ವಿಮರ್ಶೆಯ ಜೊತೆಗೆ ತಿಂಗಳಿಗೊಮ್ಮೆಯಾದರೂ ಇಂಥ ಒಂದು ಗೇಮ್‌ನ ಗುಣದೋಷಗಳ ವಿಮರ್ಶೆಗೆ ಸ್ಥಳ ನೀಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓದುಗನೊಬ್ಬ, ಶಿವಮೊಗ್ಗ