ಬೆಂಡ್ ಆದ ಟ್ರ್ಯಾಕ್ಟರ್ ಟ್ರಾಲಿ ಆಕ್ಸಲ್ ಇನ್ನ ಮ್ಯಾಲ ಸೀದಾ ಮಾಡಂಗಿಲ್ರಿ, ಹೊಸಾದೇ ಹಾಕ್ತೀವಿ

ನಮ್ಮ ಎಲ್ಲಾ ಗಿರಾಕಿ ಅಣ್ಣಾರಿಗೆ, ಕಾಕಾರಿಗೆ ನಮಸ್ಕಾರ್ರಿ,

ಕಲಬುರಗಿ ಆಳಂದ ರೋಡಿನ ನಮ್ಮ ವರ್ಕ್‌ಶಾಪಿಗೆ ನೀವು ಟ್ರಾಲಿ ತರ್ಲಾಕ ಹತ್ತಿ ಭಾಳ ವರ್ಷ ಆಯ್ತು. ಬೆಂಡ್ ಆದ ಆಕ್ಸಲ್ಲಿಗೆ (ಎರಡೂ ಗಾಲಿ ಕೂಡಿಸೋ ಅಡ್ಡ ಕಬ್ಬಿಣಕ್ಕ) ಗ್ಯಾಸ್ ಹಚ್ಚಿ ಕೆಂಪಗ ಕಾಸಿ, ಜಾಕ್ ಕೊಟ್ಟು ಸೀದಾ ಮಾಡಿ, ಬಿರುಕು ಬಿಟ್ಟಲ್ಲಿ ವೆಲ್ಡಿಂಗ್ ಹೊಡದು, ಮ್ಯಾಲೊಂದು ಪಟ್ಟಿ ಕೂಡಿಸಿ ಸಂಜೀಕ ವಾಪಸ್ ಕಳಿಸ್ತಿದ್ವಿ. ಈ ತಿಂಗಳಿಂದ ಆ ಕೆಲಸ ಬಂದ್ ಮಾಡೀವಿ. ಆಕ್ಸಲ್ ಬೆಂಡ್ ಆಗಿರ್ಲಿ, ಗಾಲಿ ಕೂಡೋ ತುದಿ, ಅಂದ್ರ ಸ್ಟಬ್ ಹತ್ರ ಬಿರುಕು ಬಿಟ್ಟಿರ್ಲಿ, ಪೂರಾ ಆಕ್ಸಲ್ ತಗದು ಹೊಸಾದು ಹಾಕೋದು, ಅಷ್ಟೇ. ಫೋನಿನಾಗ ಭಾಳ ಮಂದಿ ಬೇಜಾರಾಗಿ ಕೇಳಿದ್ರಿ, "ಇಷ್ಟು ದಿನ ಮಾಡಿದ್ದು ಈಗ ಯಾಕ ಆಗಂಗಿಲ್ಲ" ಅಂತ. ಕೇಳೋದು ನಿಮ್ಮ ಹಕ್ಕು, ಅದಕ್ಕ ಕುಂತು ಬರೀಲಾಕತ್ತೀವಿ.

ಹೋದ ತೊಗರಿ ಸುಗ್ಗ್ಯಾಗ ನಾವೇ ವೆಲ್ಡಿಂಗ್ ಮಾಡಿ ಕೊಟ್ಟ ಒಂದು ಟ್ರಾಲಿ ತೊಗರಿ ಚೀಲ ಹೇರ್ಕೊಂಡು ಮಾರ್ಕೆಟಿಗೆ ಬರೋ ಹೊತ್ತಿಗೆ ತಿರುವಿನಾಗ ಎಡಗಡಿ ಸ್ಟಬ್ ಕಟ್ ಆಗಿ ಗಾಲಿ ಬಿಚ್ಚಿ ಹೊಲದಾಗ ಹೋಗಿ ಬಿತ್ತು. ಚೀಲ ಎಲ್ಲಾ ರೋಡಿಗೆ. ದೇವರ ದಯಾ, ಯಾರಿಗೂ ಏನೂ ಆಗ್ಲಿಲ್ಲ. ಆದ್ರ ಅದೇ ಟ್ರಾಲ್ಯಾಗ ನಾಕು ದಿನದ ಹಿಂದ ಅಮಾಸಿಗೆ ಅವರ ಮನಿ ಮಂದಿ ಎಲ್ಲಾ ಕೂಸು ಕುನ್ನಿ ಕರ್ಕೊಂಡು ಘತ್ತರಗಿ ಭಾಗ್ಯವಂತಿ ದೇವಿ ಗುಡಿಗೆ ಹೋಗಿ ಬಂದಿದ್ರು ಅಂತ ಆಮ್ಯಾಲ ತಿಳೀತು. ಆ ಮಾತು ಕೇಳಿದ ರಾತ್ರಿ ನಮಗ ನಿದ್ದಿ ಹತ್ತಲಿಲ್ರಿ.

ಕಟ್ ಆದ ತುಂಡು ಶಾಪಿನಾಗ ಇಟ್ಟೀವಿ, ಬಂದವರು ನೋಡಬೌದು. ಕಟ್ ಆದ ಮುಖದ ಅರ್ಧ ಭಾಗ ಕಪ್ಪಗ ಆಗಿ ತುಕ್ಕು ಹಿಡದದ, ಉಳದ ಅರ್ಧ ಬೆಳ್ಳಿ ಹಂಗ ಹೊಳಿತದ. ಅಂದ್ರ ಅದು ಆ ದಿನ ಒಮ್ಮಿಗೇ ಮುರದಿದ್ದಲ್ಲ. ನಮ್ಮ ವೆಲ್ಡಿಂಗಿನ ಪಕ್ಕದಾಗೇ ಕೂದಲೆಳಿ ಅಷ್ಟು ಬಿರುಕು ಬಿಟ್ಟು, ಗಾಲಿ ತಿರಿಗಿದಂಗ ತಿರಿಗಿದಂಗ ದಿನಾ ಒಂದಿಷ್ಟು ಒಳಗ ಸರದು, ನೀರು ಇಳದು ತುಕ್ಕು ಹಿಡದು, ಉಳದ ಅರ್ಧ ಒಂದು ದಿನ ಭಾರ ತಡೀಲಾಕ ಆಗದ ಕೈಬಿಟ್ಟದ. ಮ್ಯಾಲ ವೆಲ್ಡಿಂಗ್ ಛಂದ ಕೂತದ, ಬಣ್ಣಾನೂ ಹಂಗೇ ಅದ, ಹೊರಗಿಂದ ನೋಡಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ. ಕಬ್ಬಿಣ ಕೆಂಪಗ ಕಾಸಿದ್ರ ಅದರ ಮೊದಲಿನ ಗಟ್ಟಿತನ ಹೋಗ್ತದ, ವೆಲ್ಡಿಂಗ್ ಪಕ್ಕದ ಜಾಗ ಬಿರುಸಾಗಿ ಬಿರುಕು ಬಿಡ್ತದ, ಒಮ್ಮಿ ಬಗ್ಗಿದ್ದನ್ನ ಮತ್ತ ಸೀದಾ ಮಾಡಿದ್ರ ಅದೇ ಜಾಗಕ್ಕ ಎರಡನೇ ಪೆಟ್ಟು. ಇದು ನಮಗ ಮೊದಲೇ ಗೊತ್ತಿರಬೇಕಿತ್ತು. ತಪ್ಪು ನಮ್ದು, ಆ ಕುಟುಂಬಕ್ಕ ಹೊಸ ಆಕ್ಸಲ್ ನಮ್ಮ ಖರ್ಚಿನಾಗ ಹಾಕಿ ಕೊಟ್ಟೀವಿ.

ಆಕ್ಸಲ್ ಬಗ್ಗೋದು ಹೆಚ್ಚಾಗಿ ಓವರ್‌ಲೋಡಿನಿಂದ್ರಿ, ಅದ್ರಾಗೂ ಶಹಾಬಾದ ಫರ್ಸಿ (ನೆಲಕ್ಕ ಹಾಸೋ ಚಪ್ಪಡಿ ಕಲ್ಲು) ಹೇರೋರು ಲಕ್ಷ್ಯ ಕೊಡ್ರಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ ಫರ್ಸಿ ಒಟ್ಟಿದ್ರ ಹೆಚ್ಚುಕಮ್ಮಿ 2.5 ಟನ್ ಆಗ್ತದ, 50 ಕಿಲೋದ 50 ಚೀಲ ಹೇರಿದಷ್ಟು. ಕಣ್ಣಿಗಿ ಮಾತ್ರ ಟ್ರಾಲಿ ಖಾಲಿನೇ ಕಾಣ್ತದ, ಅದಕ್ಕ ಇನ್ನೊಂದು ಸಾಲು ಇಡ್ರಿ ಅಂತೀರಿ. ಮ್ಯಾಲ ನಮ್ಮ ಎರಿ ಹೊಲದ ದಾರಿ, ಮಳಿಗಾಲದಾಗ ಬಿದ್ದ ಗಾಲಿ ಜಾಡು ಬ್ಯಾಸಗ್ಯಾಗ ಕಲ್ಲಾಗಿ ಕುಂತಿರ್ತದ, ತುಂಬಿದ ಟ್ರಾಲಿ ಒಂದು ಗಾಲಿ ಅದ್ರಾಗ ಧಪ್ ಅಂತ ಬಿತ್ತಂದ್ರ ಮುಗೀತು.

ಬಗ್ಗ್ಯಾದೋ ಇಲ್ಲೋ ಮನ್ಯಾಗೇ ನೋಡಬೌದು. ಎರಡೂ ಟೈರಿನ ಒಳಗಡಿ ಅಂಚಷ್ಟೇ ಸವದಿದ್ರ ಆಕ್ಸಲ್ ನಡುವ ಬಗ್ಗ್ಯಾದ ಅಂತ ಅನುಮಾನ ಮಾಡ್ರಿ. ಇನ್ನೊಂದು, ಎರಡೂ ಟೈರಿನ ಮುಂದಿನ ಮಗ್ಗಲಿಗೆ ಆಕ್ಸಲ್ಲಿನ ಎತ್ತರಕ್ಕ ನಟ್ಟನಡುವ ಚಾಕಪೀಸಲೇ ಗುರ್ತು ಹಾಕಿ ಎರಡೂ ಗುರ್ತಿನ ನಡುವಿನ ಅಂತರ ಟೇಪ್ ಹಿಡದು ಅಳೀರಿ, ಆಮ್ಯಾಲ ಗುರ್ತು ಹಿಂದ ಬರೋಹಂಗ ಟ್ರಾಲಿ ಅರ್ಧ ಸುತ್ತು ಮುಂದ ಸರಿಸಿ ಮತ್ತ ಅಳೀರಿ. ಎರಡು ಅಳತಿಗೆ ಎದ್ದು ಕಾಣೋಷ್ಟು ಫರಕು ಬಂದ್ರ ತಗೊಂಡು ಬರ್ರಿ.

ಹೊಸಾದು ಹಾಕೋದು ಒಂದು ದಿನದ ಕೆಲಸ. ಪಾಟಾದಿಂದ (ಸ್ಪ್ರಿಂಗ್ ಪಟ್ಟಿ) ಪಾಟಾಕ್ಕ, ಹಬ್ಬಿನಿಂದ (ಗಾಲಿ ನಡುವಿನ ಗುಂಬ) ಹಬ್ಬಿಗೆ ಅಳತಿ ತಗೊಂಡು ಅದಕ್ಕ ಸರಿಯಾದ ಆಕ್ಸಲ್ ತರಸ್ತೀವಿ. ಕೂಡಿಸಿದ ಮ್ಯಾಲ ಮುಂದಿನ ಹುಕ್ಕಿನ ಪಿನ್ನಿನಿಂದ ಆಕ್ಸಲ್ಲಿನ ಎರಡೂ ತುದಿಗೆ ಟೇಪ್ ಹಿಡಿತೀವಿ, ಎರಡೂ ಕಡಿ ಅಳತಿ ಒಂದೇ ಬರಬೇಕು, ಇಲ್ಲಂದ್ರ ಟ್ರಾಲಿ ಅಡ್ಡ ಎಳೀತದ, ಟೈರ್ ತಿಂತದ. ಆಕ್ಸಲ್ಲನ್ನ ಪಾಟಾಕ್ಕ ಬಿಗಿಯೋ ಯು ಬೋಲ್ಟ್ ಹಳೇವು ಹಾಕಂಗಿಲ್ಲ, ಒಮ್ಮಿ ಬಿಗಿ ಮಾಡಿದ್ದು ಎಳದಿರ್ತದ. ಬೇರಿಂಗಿನಾಗ ಗ್ರೀಸ್ ಅಂಗೈಲೇ ಒತ್ತಿ ಆ ಕಡಿ ಬರೋತನ ತುಂಬಿ, ಗಾಲಿ ತಿರಗಸ್ತಾ ನಟ್ ಬಿಗಿ ಮಾಡಿ, ಒಂಚೂರು ಸಡಿಲ ಬಿಟ್ಟು ನಟ್ ಬಿಚ್ಚದಂಗ ಹಿಡಿಯೋ ಹೊಸ ಕಾಟರ್ ಪಿನ್ ಹಾಕ್ತೀವಿ. ಮೊದಲ ಲೋಡ್ ಹೊಡದ ಮ್ಯಾಲ ಒಮ್ಮಿ ತಂದು ತೋರಸ್ರಿ, ಯು ಬೋಲ್ಟ್ ಮತ್ತ ಬಿಗಿ ಮಾಡೋದು ಪುಕಟ. ದಾರ್ಯಾಗ ಒಂದು ಕಡಿ ನಿಲ್ಲಿಸಿ ಹಬ್ಬಿನ ಮ್ಯಾಲ ಅಂಗೈ ಇಟ್ಟು ನೋಡ್ರಿ, ಬೆಚ್ಚಗಿದ್ರ ನಡೀತದ, ಕೈ ಇಡ್ಲಾಕ ಆಗದಂಗ ಸುಟ್ರ ಅಲ್ಲೇ ನಿಂತು ಫೋನ್ ಮಾಡ್ರಿ.

ಖರ್ಚು ಜಾಸ್ತಿ ಆಗ್ತದ, ಇದು ಖರೆ. ಅದಕ್ಕ ಹಳೇ ಆಕ್ಸಲ್ ನಿಮ್ಮ ಮುಂದೇ ತೂಕ ಮಾಡಿ, ಅವತ್ತಿನ ಗುಜರಿ ರೇಟಿನಾಗ ಬಿಲ್ಲಿನಾಗ ಕಡಿತೀವಿ. ಅರ್ಧ ರೊಕ್ಕ ಈಗ ಕೊಡ್ರಿ, ಉಳದದ್ದು ತೊಗರಿ ಮಾರಿದ ಮ್ಯಾಲ ಇಲ್ಲಾ ಕಬ್ಬಿನ ಬಿಲ್ ಬಂದ ಮ್ಯಾಲ, ಬಡ್ಡಿ ಗಿಡ್ಡಿ ಏನಿಲ್ಲ. ನಾವು ಈ ಮೊದಲು ವೆಲ್ಡಿಂಗ್ ಮಾಡಿ ಕೊಟ್ಟ ಆಕ್ಸಲ್ ಬದಲಿ ಮಾಡಿಸೋರಿಗೆ ಮಜೂರಿ ತಗೊಳ್ಳಂಗಿಲ್ಲ, ಸಾಮಾನಿನ ರೊಕ್ಕ ಅಷ್ಟೇ.

ಜಾತ್ರಿಗೆ ಟ್ರಾಲ್ಯಾಗ ಮಂದಿ ಕೂಡಿಸಬ್ಯಾಡ್ರಿ, ಅದು ಮಾಲಿಗಿ ಮಾಡಿದ್ದು, ಕಾನೂನೂ ಒಪ್ಪಂಗಿಲ್ಲ. ಗಾಣಗಾಪುರ ಇರ್ಲಿ, ಘತ್ತರಗಿ ಇರ್ಲಿ, ಬಸ್ ಅದಾವ.

ಬರೋ ಮುಂದ ಟ್ರಾಲಿ ಖಾಲಿ ಮಾಡಿ ತರ್ರಿ, ಹಿಂದಿನ ದಿನ ಒಂದು ಫೋನ್ ಮಾಡ್ರಿ. ವೆಲ್ಡಿಂಗ್ ಮಾಡಿಸಿದವರ ಹೆಸರು ನಮ್ಮ ವಹ್ಯಾಗ ಅದಾವ, ಒಬ್ಬೊಬ್ಬರಿಗೆ ನಾವೇ ಫೋನ್ ಮಾಡ್ಲಾಕತ್ತೀವಿ. ನಿಮಗ ಇನ್ನಾ ಬಂದಿಲ್ಲಂದ್ರ ದಾರಿ ಕಾಯಬ್ಯಾಡ್ರಿ, ಟ್ರಾಲಿ ಮೊದಲು ತೋರಿಸಿ ಆಮ್ಯಾಲ ಲೋಡ್ ಹೇರ್ರಿ.

ನಿಮ್ಮ,
ಟ್ರಾಲಿ ವರ್ಕ್‌ಶಾಪಿನ ನಾಲ್ವರು ಪಾಲುದಾರರು
ಆಳಂದ ರೋಡ್, ಕಲಬುರಗಿ