ತಮ್ಮ ಮನೆಗೆ ಬಂದ, ಕೆಲವರ ಋಣ ಹೇಳಬೇಕಿದೆ

ಧಾರವಾಡದ ಹೈಕೋರ್ಟ್ ಪೀಠ ನನ್ನ ತಮ್ಮನನ್ನು ಕೊಲೆ ಕೇಸಿನಿಂದ ಖುಲಾಸೆ ಮಾಡಿದೆ. ಬೆಳಗಾವಿಯ ಹಿಂಡಲಗಾ ಜೈಲಿನಿಂದ ಬಿಡುಗಡೆಯಾಗಿ ಅವನೀಗ ಮನೆಯಲ್ಲಿದ್ದಾನೆ. ಫೋನ್ ಮಾಡುತ್ತಿರುವ ಎಲ್ಲರಿಗೂ ಬೇರೆ ಬೇರೆ ಹೇಳಲು ಆಗುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ. ಕೆಲವರು ಬೇಡ ಅಂದರು. ಒಬ್ಬರನ್ನು ಕೇಳಲು ನನಗೇ ಬಾಯಿ ಬರಲಿಲ್ಲ.

ಹೊಸ ಸಾಕ್ಷಿ ಸಿಕ್ಕಿತಾ, ಖರೇ ಕೊಲೆಗಾರ ಸಿಕ್ಕನಾ ಅಂತ ತುಂಬ ಜನ ಕೇಳುತ್ತಿದ್ದಾರೆ. ಇಲ್ಲ. ಒಂದೇ ಒಂದು ಹೊಸ ಕಾಗದ ಬಂದಿಲ್ಲ. ಮೊದಲಿನಿಂದ ಫೈಲಿನಲ್ಲೇ ಇದ್ದದ್ದನ್ನು ಕೆಲವರು ಕೂತು ಪೂರ್ತಿ ಓದಿದರು, ಅಷ್ಟೇ.

ಗೊತ್ತಿಲ್ಲದವರಿಗೆ ಎರಡು ಮಾತು. ಘಟಪ್ರಭಾ ಎಡದಂಡೆ ಕಾಲುವೆಯ ನೀರಿನ ಪಾಳಿಗಾಗಿ ತಮ್ಮನಿಗೂ ಪಕ್ಕದ ಹೊಲದವರಿಗೂ ಜಗಳವಾಗಿತ್ತು. ಊರೆಲ್ಲ ಕೇಳಿದ ಜಗಳ. ಕೆಲವು ದಿನಕ್ಕೆ ಪಕ್ಕದ ಹೊಲದ ಆ ಅಣ್ಣ ಕಬ್ಬಿನ ಹೊಲದಲ್ಲಿ ಹೆಣವಾಗಿ ಸಿಕ್ಕರು. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಜಗಳ ಇತ್ತು, ಆ ಸಂಜೆ ತಮ್ಮ ಅದೇ ದಾರಿಯಲ್ಲಿ ಹೋಗಿದ್ದ, ಅವನು ತೋರಿಸಿದ ಜಾಗದಲ್ಲಿ ಕುಡಗೋಲು ಸಿಕ್ಕಿತು. ಇಷ್ಟರ ಮೇಲೆ ಹಳೇ ಐಪಿಸಿಯ 302ನೇ ಕಲಂ, ಅಂದರೆ ಕೊಲೆ, ಕೆಳಗಿನ ಕೋರ್ಟಿನಿಂದ ಜೀವಾವಧಿ ಶಿಕ್ಷೆ.

ಹೈಕೋರ್ಟಿಗೆ ಅಪೀಲು ಹಾಕಲು 60 ದಿನ ಇರುತ್ತದೆ. ನಮ್ಮ ಹತ್ತಿರ ದುಡ್ಡಿರಲಿಲ್ಲ, ಮೊದಲಿನ ವಕೀಲರು ಫೋನ್ ಎತ್ತುತ್ತಿರಲಿಲ್ಲ. ಜೈಲಿಗೆ ಬರುತ್ತಿದ್ದ ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರೊಬ್ಬರು ತಮ್ಮನನ್ನು ಕೂರಿಸಿಕೊಂಡು ಹೇಳಿದರಂತೆ: ಒಳಗಿದ್ದವರು ಜೈಲಿನ ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು, ವಕೀಲರನ್ನೂ ಪುಕ್ಕಟೆ ಕೊಡುತ್ತಾರೆ ಅಂತ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ ಈ ಹಕ್ಕಿದೆ, ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ನಮ್ಮದು ತಡವಾಗಿತ್ತು. ಕಾರಣ ಬರೆದು ಕೇಳಿಕೊಂಡೆವು, ಕೋರ್ಟು ಮನ್ನಿಸಿತು. ಆ ಸ್ವಯಂಸೇವಕರಿಗೆ ಮೊದಲ ನಮಸ್ಕಾರ.

ಪುಕ್ಕಟೆ ವಕೀಲರು ಏನು ಮಾಡ್ತಾರೆ ಅಂತ ನಮ್ಮ ಕಾಕಾನೇ ಮೂಗು ಮುರಿದಿದ್ದರು. ಧಾರವಾಡದ ಆ ಮೇಡಂ ಮೊದಲ ಭೇಟಿಯಲ್ಲಿ ತಮ್ಮ ಒಳ್ಳೆಯವನಾ ಕೆಟ್ಟವನಾ ಅಂತ ಕೇಳಲೇ ಇಲ್ಲ. "ಎಲ್ಲಾ ಕಾಗದ ತರ್ರಿ, ಒಂದೂ ಬಿಡಬ್ಯಾಡ್ರಿ" ಅಂದರು. ಕೆಲವು ಪಂಚನಾಮೆಗಳ (ಪೊಲೀಸರು ಸಾಕ್ಷಿಗಳ ಮುಂದೆ ಬರೆಯುವ ಮಹಜರು) ಕೈಬರಹ ಓದಲು ಬರುತ್ತಿರಲಿಲ್ಲ, ಟೈಪ್ ಮಾಡಿಸಲು ಕಳಿಸಿದರು.

ಟೈಪ್ ಮಾಡುವ ಆ ಹುಡುಗಿಯನ್ನು ನಾನು ಸಾಯುವ ತನಕ ಮರೆಯಲ್ಲ. ಪುಟಕ್ಕೆ ಇಷ್ಟು ಅಂತ ದುಡ್ಡು ತಗೊಂಡು ಟೈಪ್ ಮಾಡಿ ಕೊಟ್ಟಿದ್ದರೆ ಅವಳ ಕೆಲಸ ಮುಗಿಯುತ್ತಿತ್ತು. ಅವಳು ನಡುವೆಯೇ ಕೈ ನಿಲ್ಲಿಸಿ ಕೇಳಿದಳು: "ಅಕ್ಕಾರ, ಕುಡಗೋಲು ಸಿಕ್ಕಿದ್ದು ಮುಂಜಾನೆ ಹನ್ನೊಂದಕ್ಕ ಅಂತ ಐತಿ. ಇವರು ಹೇಳಿಕಿ ಕೊಟ್ಟಿದ್ದು ಮಧ್ಯಾಹ್ನ ಮೂರಕ್ಕ ಅಂತ ಐತಿ. ನಾನೇ ತಪ್ಪು ಓದಾಕತ್ತೇನೇನ್ರಿ?" ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿದೆವು. ಒಂದೇ ತಾರೀಖು, ಒಂದೇ ಕೈಬರಹ.

ಇದು ಯಾಕೆ ದೊಡ್ಡದು ಅಂದರೆ, ಪೊಲೀಸರ ಮುಂದೆ ಆರೋಪಿ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಡೆಯಲ್ಲ. ಅವನು ಹೇಳಿದ್ದರಿಂದ ಒಂದು ವಸ್ತು ಸಿಕ್ಕಿದರೆ ಆ ಭಾಗ ಮಾತ್ರ ನಡೆಯುತ್ತದೆ. ಹಳೇ ಸಾಕ್ಷ್ಯ ಕಾಯ್ದೆಯ 27ನೇ ಕಲಂ. ಅವನು ಬಾಯಿ ಬಿಡುವ ಮೊದಲೇ ಕುಡಗೋಲು ಸಿಕ್ಕಿತ್ತು ಅಂದರೆ ತೋರಿಸಿದ್ದು ಯಾರು? ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರೊಬ್ಬರು ಪಾಟೀ ಸವಾಲಿನಲ್ಲಿ "ಠಾಣೆಯಲ್ಲೇ ಸಹಿ ಮಾಡಿದೆ, ಹೊಲಕ್ಕೆ ಹೋಗಿಲ್ಲ" ಅಂದಿದ್ದೂ ಫೈಲಿನಲ್ಲೇ ಇತ್ತು. ಕುಡಗೋಲಿನ ಮೇಲಿದ್ದದ್ದು ಮನುಷ್ಯರ ರಕ್ತ ಅಂತ ವರದಿ ಬಂದಿತ್ತು, ಯಾವ ಗುಂಪಿನದು ಅಂತ ಬಂದಿರಲಿಲ್ಲ. ಕಬ್ಬಿನ ಸೀಮೆಯಲ್ಲಿ ಕುಡಗೋಲು ಯಾರ ಮನೆಯಲ್ಲಿಲ್ಲ, ಹೇಳಿ?

ಮೇಡಂ ಸುಪ್ರೀಂ ಕೋರ್ಟಿನ 1984ರ ಶರದ್ ಸಾರ್ಡಾ ತೀರ್ಪು ಮುಂದಿಟ್ಟರು. ಗಲ್ಲು ಶಿಕ್ಷೆಯಾಗಿದ್ದವನನ್ನು ಬಿಟ್ಟ ಕೇಸು ಅದು. ಕಂಡ ಸಾಕ್ಷಿ ಇಲ್ಲದಿದ್ದರೆ ಉಳಿದ ಸಂಗತಿಗಳ ಕೊಂಡಿ ಎಲ್ಲೂ ತಪ್ಪಬಾರದು, ಬೇರೆ ಯಾರೋ ಮಾಡಿರಬಹುದು ಅನ್ನಲು ಜಾಗವೇ ಉಳಿಯಬಾರದು ಅಂತ ಅದರಲ್ಲಿದೆ. ಇಬ್ಬರು ನ್ಯಾಯಮೂರ್ತಿಗಳೂ ಎರಡೂ ಹಾಳೆಯ ವೇಳೆ ನೋಡಿ ಸರ್ಕಾರಿ ವಕೀಲರನ್ನು ಅದನ್ನೇ ಕೇಳಿದರು. ಉತ್ತರ ಬರಲಿಲ್ಲ.

ಧಾರವಾಡಕ್ಕೆ ಪೀಠ ಬೇಕು ಅಂತ ವರ್ಷಾನುಗಟ್ಟಲೆ ಹೋರಾಡಿದ ಈ ಭಾಗದ ವಕೀಲರಿಗೂ ಥ್ಯಾಂಕ್ಸ್. 2008ರಲ್ಲಿ ಅದು ಬರದಿದ್ದರೆ ಪ್ರತಿ ತಾರೀಖಿಗೂ ಬೆಂಗಳೂರು. ನಮ್ಮ ಕೈಲಿ ಆಗುತ್ತಿರಲಿಲ್ಲ. ಖುಲಾಸೆ ಆದರೂ, ಸರ್ಕಾರ ಮೇಲಿನ ಕೋರ್ಟಿಗೆ ಹೋದರೆ ಹಾಜರಾಗುತ್ತೇನೆ ಅಂತ ಆರು ತಿಂಗಳಿಗೆ ಜಾಮೀನು ಬರೆದು ಕೊಡಬೇಕು. ಅದಕ್ಕೆ ತಮ್ಮದೇ ಹೊಲದ ಉತಾರ (ಪಹಣಿ) ಕೊಟ್ಟ ಎದುರು ಮನೆಯ ಮಾಮಾ, ಕಾಗದ ನನ್ನ ಕೈಗಿಟ್ಟು ಚಹಾ ಕೂಡ ಕುಡಿಯದೆ ಹೋದರು.

ಪರಿಹಾರ ಎಷ್ಟು ಸಿಗುತ್ತೆ ಅಂತಲೂ ಕೇಳುತ್ತಿದ್ದೀರಿ. ಹೀಗೆ ಒಳಗಿದ್ದು ಬಂದವರಿಗೆ ಪರಿಹಾರ ಕೊಡಲು ಕಾಯ್ದೆ ಮಾಡಿ ಅಂತ 2018ರಲ್ಲಿ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಹೇಳಿತ್ತು. ವರದಿ ವರದಿಯಾಗೇ ಇದೆ. ಸದ್ಯಕ್ಕೆ ಅವನಿಗೊಂದು ಕೆಲಸ ಬೇಕು, ನಿಮ್ಮ ಕಡೆ ಇದ್ದರೆ ಹೇಳಿ.

ಕೊನೆಗೆ, ತೀರಿಕೊಂಡ ಅಣ್ಣನ ಹೆಂಡತಿ, ನಮ್ಮ ವೈನಿ. ಹೆಸರು ಹಾಕಲೇ ಅಂತ ನಾನು ಕೇಳಲಾಗದೆ ಉಳಿದವರು ಇವರೇ. ಕೋರ್ಟಿನಲ್ಲಿ ಅವರು ಕಂಡದ್ದಕ್ಕಿಂತ ಒಂದು ಅಕ್ಷರ ಜಾಸ್ತಿ ಹೇಳಲಿಲ್ಲ. ಜಗಳ ಆಗಿತ್ತು ಅಂದರು, ಹೊಡೆದದ್ದು ನೋಡಿಲ್ಲ ಅಂದರು. ಹಾಗೆ ಹೇಳು ಹೀಗೆ ಹೇಳು ಅಂತ ಹೇಳಿಕೊಡುವವರು ಸುತ್ತ ಬೇಕಾದಷ್ಟು ಜನ ಇದ್ದರು. ಅವ್ವ ಎದುರಾದಾಗ ಮುಖ ತಿರುಗಿಸಲಿಲ್ಲ. ನಮಗೆ ತೀರ್ಪು ಬಂತು, ಅವರಿಗೆ ಏನು ಬಂತು? ಗಂಡನನ್ನು ಕೊಂದವರು ಯಾರು ಅಂತ ಈಗ ಯಾರೂ ಹುಡುಕುತ್ತಿಲ್ಲ. ಈ ಕೇಸು ಮತ್ತೆ ತನಿಖೆ ಆಗಲಿ ಅಂತ ಅವರು ಅರ್ಜಿ ಕೊಟ್ಟರೆ, ಅದರ ಕೆಳಗೆ ನಮ್ಮ ಮನೆಯವರ ಸಹಿಯೂ ಇರುತ್ತದೆ.

ಗೆಳೆಯರು ಹಲಗಿ, ಗುಲಾಲು, ಮೆರವಣಿಗೆ ಅಂತಿದ್ದಾರೆ. ದಯವಿಟ್ಟು ಬೇಡ. ವೈನಿಯ ಮನೆಯೂ ಅದೇ ಓಣಿಯಲ್ಲಿದೆ. ತಮ್ಮನನ್ನು ನೋಡಬೇಕು ಅನ್ನುವವರು ಸಂಜೆ ಮೇಲೆ ಬನ್ನಿ, ಹಗಲು ಹೊಲದಲ್ಲಿರುತ್ತಾನೆ.